ಎದುರುಮನೆ ಮಾವನ ನಾಲ್ಕು ಬಾಗಿಲ ಜೀಪು

ನಮ್ಮಕ್ಕನ ಮಗ ಹೋದ ತಿಂಗಳು ಒಂದು ದೊಡ್ಡ ಗಾಡಿ ಕೊಂಡ. ಕೋಲಾರದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, "ಚಿಕ್ಕಮ್ಮಾ, ಬಾ, ಒಂದ್ಸಾರಿ ಒಳಗೆ ನೋಡು" ಎಂದು ಕರೆದ. ಉರಿ ಮಧ್ಯಾಹ್ನ. ಬಾಗಿಲು ತೆಗೆದ ಕೂಡಲೇ ಬಿಸಿಲಿಗೆ ಕಾದ ಹೊಸ ಸೀಟಿನ ವಾಸನೆ ಮುಖಕ್ಕೆ ಬಡಿಯಿತು. ಅದರ ಜೊತೆಗೆ, ಹಿಂದೆ ಇಟ್ಟಿದ್ದ ಬುಟ್ಟಿಯಿಂದ ಬಾದಾಮಿ ಮಾವಿನ ಘಮ. ಅಷ್ಟೇ ಸಾಕಾಯಿತು... ಅವನು, ಇದೇ ಗಾಡಿ ಐದು ಥರ ಬರುತ್ತದೆ, ನಮ್ಮದು ಎಲ್ಲಕ್ಕಿಂತ ಮೇಲಿನದು ಎಂದು ಏನೇನೋ ಹೇಳುತ್ತಲೇ ಇದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬನೇ ಮನುಷ್ಯ ಒಂದೇ ಗಾಡಿಯನ್ನು ಐದಾರು ಥರ ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ನನಗೆ ಇವನೇನು ಹೇಳಿಯಾನು!

ಎಪ್ಪತ್ತರ ದಶಕದಲ್ಲಿ ನಾವು ಶ್ರೀನಿವಾಸಪುರದಲ್ಲಿದ್ದೆವು. ನಮ್ಮ ಮನೆಯ ಎದುರಿಗೇ ಒಬ್ಬ ಮಾವಿನ ವ್ಯಾಪಾರಿ ಇದ್ದರು. ಬೀದಿಯವರೆಲ್ಲ ಅವರನ್ನು ಎದುರುಮನೆ ಮಾವ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅತ್ತೆ. ರಕ್ತಸಂಬಂಧವೇನೂ ಇಲ್ಲ, ಬರೀ ಬೀದಿಯ ಸಂಬಂಧ. ದಪ್ಪ ಮೀಸೆ, ಬಿಳಿ ಪಂಚೆ, ಬಾಯಿ ತುಂಬ ಮಾತು. ಹೇಳಿದ್ದು ಸುಳ್ಳಾಗಿರುತ್ತಿರಲಿಲ್ಲ, ಆದರೆ ಒಂದಕ್ಕೆ ಎರಡು ಸೇರಿಸದೆ ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ. ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪೊಂದನ್ನು ಅವರು ಕೂಗಿ ತಂದಿದ್ದರು. ಮೇಲೆ ಸೂರಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಸೀಟಿನ ಜಾಗದಲ್ಲಿ ತಗಡು. ಅದರಲ್ಲಿ ತೋಟಕ್ಕೆ ಹೋಗಿ ಬಂದ ದಿನ ಅತ್ತೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗಿದರು.

ಈ ಜೀಪನ್ನು ಅರಮನೆ ಮಾಡಬೇಕು ಎಂಬ ಹುಚ್ಚು ಅವರಿಗೆ ಹಿಡಿದದ್ದು ಒಂದು ಚಿತ್ರದಿಂದ. ಬೆಂಗಳೂರಿನಲ್ಲಿದ್ದ ಅವರ ಷಡ್ಡಕರು ಬಂದಾಗಲೆಲ್ಲ ಹಳೇ ಇಂಗ್ಲಿಷ್ ಪತ್ರಿಕೆಗಳನ್ನು ತಂದುಕೊಡುತ್ತಿದ್ದರು. ಅದರಲ್ಲೊಂದು ಪುಟದಲ್ಲಿ ಪರದೇಶದ ಗಾಡಿ. ಚಕ್ರದ ಮಟ್ಟಕ್ಕೆ ಹೊಳೆ ನೀರಿನಲ್ಲಿ ನಿಂತಿದೆ, ಮೈಯೆಲ್ಲ ಕೆಸರು. ಒಳಗೆ ಮಾತ್ರ ಕೋಟು ತೊಟ್ಟ ಗಂಡಸು, ಮುತ್ತಿನ ಸರ ಹಾಕಿದ ಹೆಂಗಸು, ಮದುವೆ ಊಟಕ್ಕೆ ಹೊರಟವರಂತೆ ಕೂತಿದ್ದಾರೆ. ಮಾವ ಆ ಪುಟವನ್ನು ಬೀದಿಯಲ್ಲಿ ತೋರಿಸದ ಮನೆಯಿಲ್ಲ. "ನೋಡಮ್ಮಣ್ಣಿ, ಕೆಳಗೆ ಎತ್ತಿನ ಗಾಡಿ, ಮೇಲೆ ಅರಮನೆ. ಹೊಲಕ್ಕೂ ಸೈ, ಬೀಗರ ಮನೆಗೂ ಸೈ. ಇದನ್ನ ನಾನು ಶ್ರೀನಿವಾಸಪುರದಾಗೆ ಮಾಡಿ ತೋರಿಸ್ತೀನಿ" ಎನ್ನುತ್ತಿದ್ದರು.

ಮಾಡಿದರು ಕೂಡ. ಮೊದಲು ಟಾರ್ಪಾಲಿನ ಮೇಲುಹೊದಿಕೆ ಬಂತು. ಮಳೆ ಬಂದರೆ ಅದು ಹೊಟ್ಟೆ ಬಿಟ್ಟುಕೊಂಡು ನೀರು ಹಿಡಿದು, ಬ್ರೇಕು ಹಾಕಿದಾಗ ಒಮ್ಮೆಲೇ ಡ್ರೈವರ್ ತಲೆ ಮೇಲೆ ಸುರಿಯುತ್ತಿತ್ತು. ಆಮೇಲೆ ಕೋಲಾರದ ಬಾಡಿ ಮೇಸ್ತ್ರಿಯ ಹತ್ತಿರ ಹಿಂದಕ್ಕೆ ಉದ್ದ ಮಾಡಿಸಿ, ಮೇಲೆ ತಗಡು ಹೊಡೆಸಿ, ಮುಂದೆ ಎರಡು ಬಾಗಿಲು ಇಡಿಸಿದರು. ಕಡುಗೆಂಪು ರೆಕ್ಸಿನ್ ಸೀಟು. ಕಿಟಕಿಗೆ ಅತ್ತೆಯ ಹಳೇ ರೇಷ್ಮೆ ಸೀರೆಯ ಪರದೆ, ಅಂಚು ಕೆಳಗೆ ಬರುವ ಹಾಗೆ. ಗಾಡಿಗೆ ದೇವರು ಬೇಕಲ್ಲ, ಎಲ್ಲರ ಹಾಗೆ ಪಟ ಅಂಟಿಸಿದರೆ ಅರಮನೆ ಹೇಗಾದೀತು? ಮಾಲೂರಿನ ಕಡೆ ಹೋಗಿ ಶಿವಾರಪಟ್ಟಣದಲ್ಲಿ ಕರೀಕಲ್ಲಿನ ಗಣೇಶನನ್ನೇ ಕಡೆಸಿ ತಂದು ಸ್ಟೇರಿಂಗಿನ ಮುಂದೆ ಬೋಲ್ಟು ಹಾಕಿ ಕೂರಿಸಿದರು. ಮೊದಲನೇ ಹಳ್ಳಕ್ಕೆ ಗಣೇಶ ತಗಡನ್ನು ಕಿತ್ತುಕೊಂಡು ಅವರ ಕಾಲ ಮೇಲೇ ಬಂದ. ಮಾವ ಕುಂಟುತ್ತ ಬಂದದ್ದನ್ನು ನೋಡಿ ಅತ್ತೆ, "ಇದಿ ಬಂಡಾ, ಪೆಂಡ್ಲಿ ಪಂದಿರಾ?" ಎಂದು ತೆಲುಗಿನಲ್ಲಿ ಕೇಳಿದರು. ಇದೇನು ಗಾಡಿಯೋ, ಮದುವೆ ಚಪ್ಪರವೋ ಅಂತ. ಗಣೇಶ ಅಂದಿನಿಂದ ಅವರ ಜಗಲಿಯ ಗೂಡಿನಲ್ಲಿ ಉಳಿದ.

ನಾನು ನಕ್ಕದ್ದೇ ನಕ್ಕದ್ದು. ಆಗ ನನಗೆ ಇಪ್ಪತ್ತು ದಾಟಿತ್ತು. ಮಗುವಾಗಿದ್ದಾಗಲೇ ಪೋಲಿಯೋ ಬಂದು ಎಡಗಾಲು ಸೋತುಹೋಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ನಡೆಯುತ್ತಿದ್ದೆ. ಕಾಲು ಚಿಕ್ಕದಾದಷ್ಟೂ ನಾಲಿಗೆ ಉದ್ದವಾಯಿತು ಎಂದು ನಮ್ಮಮ್ಮ ಬೈಯುತ್ತಿದ್ದಳು. ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಮುಳಬಾಗಿಲು ರಸ್ತೆಯ ಒಂದು ಹಳ್ಳಿ ಶಾಲೆಗೆ ಕೆಲಸದ ಆರ್ಡರು ಬಂದಾಗ ಮನೆಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ. "ದಿನಾ ಹೆಂಗೆ ಹೋಗ್ತೀಯೇ? ಸುಮ್ಕೆ ಮನೇಲಿರು, ಎರಡೊತ್ತು ಊಟಕ್ಕೇನು ಬರ ಬಂದಿಲ್ಲ" ಎಂದ ಅಣ್ಣ. ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಪ್ರೀತಿಯೊಳಗೆ ನಾನು ಮುದುಕಿಯಾಗುವವರೆಗೆ ಮೂಲೆಯಲ್ಲಿ ಕೂರುವುದು ನನಗೆ ಕಾಣುತ್ತಿತ್ತು. ಆ ಕೆಲಸ ಹೋದರೆ ನನಗೆ ಇನ್ನೊಂದು ಬಾಳಿರಲಿಲ್ಲ.

ಬಸ್ಸಿನ ಮೆಟ್ಟಿಲು ನನ್ನ ಮಂಡಿಗಿಂತ ಮೇಲೆ, ಮೇಲಿಂದ ಜನ ನುಗ್ಗುತ್ತಿದ್ದರು. ಮಾವನ ಜೀಪು ಮಾವಿನ ಕಾಲ ಬಿಟ್ಟು ಉಳಿದ ದಿನಗಳಲ್ಲಿ ಅದೇ ರಸ್ತೆಯಲ್ಲಿ ಜನರನ್ನು ಹಾಕಿಕೊಂಡು ಓಡಾಡುತ್ತಿತ್ತು. "ನಮ್ಮ ಗಾಡಿ ಇಲ್ವೇನಮ್ಮ, ನಡಿ" ಎಂದರು. ಆಗಿನ ಜೀಪು ಹತ್ತುವುದು ಈಗಿನವರಿಗೆ ಗೊತ್ತಿಲ್ಲ. ಮುಂದಿನ ಬಾಗಿಲು ತೀರಾ ಎತ್ತರ, ಬಾಗಿಲಿಲ್ಲದ ಹಿಂದುಗಡೆಯಿಂದ ಹತ್ತಬೇಕು. ಒಳಗೆ ಎದುರುಬದುರು ಎರಡು ಉದ್ದ ಸೀಟು. ಕೂತವರು ಕೈ ಕೊಡುತ್ತಾರೆ, ಕೆಳಗಿನವರು ತಳ್ಳುತ್ತಾರೆ. ಎಲ್ಲರನ್ನೂ ಹಾಗೇ ಹತ್ತಿಸುವುದು, ಅದರಲ್ಲಿ ಮರ್ಯಾದೆ ಅವಮಾನ ಎಂದು ಯಾರೂ ನೋಡುವುದಿಲ್ಲ. ಆದರೆ ನನ್ನ ಸರದಿ ಬಂದಾಗ ಎಲ್ಲರ ಮಾತೂ ನಿಲ್ಲುತ್ತಿತ್ತು. "ಪಾಪ, ನಿಧಾನ, ನಿಧಾನ" ಎಂದು ಒಂದೊಂದು ರೆಟ್ಟೆಗೆ ಇಬ್ಬಿಬ್ಬರು. ಆ 'ಪಾಪ' ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಎಳೆಯುವಾಗ ನನ್ನ ಬೂಟಿನ ಪಟ್ಟಿ ಹಿಂದಿನ ತಗಡಿಗೆ ಸಿಕ್ಕಿಕೊಂಡಿತು. ಮೇಲಿನವರಿಗೆ ಕಾಣಲಿಲ್ಲ, ಇನ್ನೂ ಎಳೆದರು. ಸೀರೆ ಹರಿಯಿತು, ನಾನು ಬಸ್ ಸ್ಟ್ಯಾಂಡಿನ ನಡುವೆ ಮಣ್ಣಿಗೆ ಬಿದ್ದೆ. ಏಟು ಹೆಚ್ಚಾಗಲಿಲ್ಲ. ಆದರೆ ಅಷ್ಟು ಜನ ಸುತ್ತ ಬಗ್ಗಿ ನೋಡುತ್ತಿದ್ದರಲ್ಲ... ಮಾವ ಡ್ರೈವರ್ ಸೀಟಿನಿಂದ ಇಳಿದು ಬಂದರು. ಬಗ್ಗಿ ಆ ತಗಡಿನ ಅಂಚನ್ನು ಕೈಯಿಂದ ಸವರಿ ನೋಡಿದರು. ನಾನೇ ಹೇಳಿದೆ: "ಸಾಕು ಮಾವ. ನಾಳೆಯಿಂದ ಬರಲ್ಲ. ರಾಜೀನಾಮೆ ಬರೆದು ಹಾಕ್ತೀನಿ."

ಮಾರನೇ ದಿನ ಜೀಪು ಕಾಣಲಿಲ್ಲ. ಮತ್ತೆ ಕೋಲಾರಕ್ಕೆ ಹೋಗಿದೆಯಂತೆ, ಈ ಸಾರಿ ಒಳಗೆ ಈಜುಕೊಳ ಕಟ್ಟಿಸುತ್ತಾನೋ ಏನೋ ಎಂದು ಬೀದಿಯಲ್ಲಿ ನಗಾಡಿದರು. ನಾನು ರಜೆ ಚೀಟಿ ಕಳಿಸಿ ಒಳಗೇ ಕೂತಿದ್ದೆ. ರಾಜೀನಾಮೆ ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ, ಅಳು ಬರುತ್ತಿತ್ತು. ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಹಾರ್ನು. ಹೊರಗೆ ಬಂದು ನೋಡಿದೆ. ಮುಂದಿನ ಸೀಟಿನ ಹಿಂದೆ, ಎಡಗಡೆಗೆ, ಹೊಸದಾಗಿ ಒಂದು ಬಾಗಿಲು! ಎಡಗಡೆಯ ಉದ್ದ ಸೀಟನ್ನು ಅರ್ಧಕ್ಕೆ ಕತ್ತರಿಸಿ ಜಾಗ ಮಾಡಿದ್ದರು. ಬಾಗಿಲ ಕೆಳಗೆ ನೆಲದಿಂದ ಒಂದು ಗೇಣು ಎತ್ತರಕ್ಕೆ, ಮನೆ ಜಗಲಿಯಂಥ ಅಗಲವಾದ ಮೆಟ್ಟಿಲು. ಪಕ್ಕದಲ್ಲಿ ಹಿಡಿಯಲು ಹಿತ್ತಾಳೆ ಸರಳು.

"ಹಿಂದಿನೋರಿಗೂ ಬಾಗಿಲಿದ್ರೇನೇ ಅದು ದೊಡ್ಡೋರ ಗಾಡಿ" ಎಂದು ಮಾವ ಗಾಳಿಗೆ ಹೇಳಿದಂತೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ನನ್ನ ಹೆಸರೆತ್ತಲಿಲ್ಲ. ಬಾ ಎನ್ನಲೂ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ನನಗೆ ಬೆನ್ನು ಹಾಕಿ, ಮುಂದಿನ ಗಾಜನ್ನು ಉಜ್ಜತೊಡಗಿದರು. ನಾನು ಸರಳು ಹಿಡಿದೆ. ಬಲಗಾಲನ್ನು ಮೆಟ್ಟಿಲ ಮೇಲಿಟ್ಟೆ, ಎಡಗಾಲನ್ನು ಎಳೆದುಕೊಂಡೆ. ಹೊತ್ತು ಹಿಡಿಯಿತು. ಗಾಜು ಎಷ್ಟೋ ಹೊತ್ತಿನಿಂದ ಫಳಫಳ ಹೊಳೆಯುತ್ತಿತ್ತು, ಆದರೂ ಅವರು ಉಜ್ಜುತ್ತಲೇ ಇದ್ದರು. ನಾನು ಕೂತು ಬಾಗಿಲು ಎಳೆದುಕೊಂಡ ಸದ್ದಾದ ಮೇಲೆಯೇ ತಿರುಗಿದ್ದು. ಅಂದು ಶಾಲೆಯವರೆಗೂ ರೇಷ್ಮೆ ಪರದೆ ನನ್ನ ಮುಖಕ್ಕೆ ಬಡಿಯುತ್ತಿತ್ತು, ನಾನು ಸರಿಸಲಿಲ್ಲ.

ಅತ್ತೆ ಬಿಟ್ಟಾರೆಯೇ? "ಊರಿಗೆಲ್ಲ ಇವಳೊಬ್ಬಳೇ ನೋಡು, ಮದುವಣಗಿತ್ತಿ ಹಂಗೆ ದಿನಾ ಬಲಗಾಲಿಟ್ಟು ಹತ್ತೋಳು" ಎಂದು ಕಿಚಾಯಿಸಿದರು. ನನಗೂ ನಗು ಬಂತು. ಆದರೆ ಊರಿನ ಹಿರಿಯರು ಬೇರೆಯೇ ತಕರಾರು ತೆಗೆದರು. ಮನೆಯಾಗಲಿ ಗಾಡಿಯಾಗಲಿ, ಬಾಗಿಲು ಸಮಸಂಖ್ಯೆಯಲ್ಲಿರಬೇಕು, ಮೂರು ಬಾಗಿಲು ಆಗಿಬರುವುದಿಲ್ಲ, ಅಂಥ ಗಾಡಿಯಲ್ಲಿ ಮದುವೆ ದಿಬ್ಬಣ ಹೋಗುವುದುಂಟೇ? ಬಂದಿದ್ದ ಮದುವೆ ಬಾಡಿಗೆಯೂ ತಪ್ಪಿತು. ಸೀಟು ಕತ್ತರಿಸಿದ್ದರಿಂದ ಜನವೂ ಕಡಿಮೆ ಹಿಡಿಯುತ್ತಿದ್ದರು. ಎಡಗಡೆ ಬಾಗಿಲು ಮುಚ್ಚಿಸಿಬಿಡು ಎಂದು ಎಲ್ಲರೂ ಹೇಳಿದರು. ಮಾವ ಮತ್ತೆ ಮೇಸ್ತ್ರಿಯ ಹತ್ತಿರ ಹೋಗಿ ಬಲಗಡೆಗೂ ಒಂದು ಬಾಗಿಲು ಮಾಡಿಸಿದರು. ಅದಕ್ಕೆ ಹಿಡಿ ಇತ್ತು, ಗಾಜಿತ್ತು, ಅಂಚಿಗೆ ಬಣ್ಣವಿತ್ತು. ತೆಗೆಯಲು ಮಾತ್ರ ಬರುತ್ತಿರಲಿಲ್ಲ, ಲೆಕ್ಕಕ್ಕೆ ನಾಲ್ಕನೆಯದು. ಹಿರಿಯರು ಬಂದು ಎಣಿಸಿ ನೋಡಿ ಒಪ್ಪಿಕೊಂಡರು!

ಅಲ್ಲಿಂದ ಮುಂದೆ ವರ್ಷಗಟ್ಟಲೆ ನಾನು ಆ ಬಾಗಿಲಿಂದಲೇ ಹತ್ತಿ ಇಳಿದೆ. ಕೆಲಸ ಖಾಯಂ ಆಯಿತು. ಸಂಜೆ ಹೊತ್ತು ಜೀಪು ಅವರ ಮನೆ ಮುಂದೆ ನಿಂತಾಗ ನಾವು ಅದರೊಳಗೇ ಕೂತು ಕಡಲೆಕಾಯಿ ತಿನ್ನುತ್ತಿದ್ದೆವು. ಮುಂದೆ ಅವರು, ಹಿಂದೆ ಅತ್ತೆ ಮತ್ತು ನಾನು. ಗಾಡಿ ನಿಂತಲ್ಲೇ ನಿಂತಿರುತ್ತಿತ್ತು, ಮಾತು ಮಾತ್ರ ಎಲ್ಲೆಲ್ಲೋ ಹೋಗುತ್ತಿತ್ತು. ಮುಂದಿನ ಸಾರಿ ಒಳಗೆ ತಣ್ಣಗಿನ ಗಾಳಿ ಬರುವ ಹಾಗೆ ಮಾಡುವುದು, ಹಾಡು ಹಾಕುವುದು, ಕಾಶಿಯವರೆಗೂ ಬೆನ್ನು ನೋಯದ ಹಾಗೆ ಹೋಗುವುದು... ಹೊರಗೆ ಕತ್ತಲಾಗುತ್ತ ಬಂದರೂ ನಮಗೆ ಇಳಿಯುವ ಮನಸ್ಸಾಗುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿರಬೇಕು, ಒಂದು ದಿನ ಮಾವ ಪಂಚೆ ಎತ್ತಿ ಕಟ್ಟಿಕೊಂಡು ಪತ್ರಿಕೆ ಹಿಡಿದು ನಮ್ಮ ಮನೆಗೆ ಓಡಿ ಬಂದರು. ಅದೇ ಪರದೇಶದ ಗಾಡಿ. ಇಷ್ಟು ವರ್ಷ ಎರಡೇ ಬಾಗಿಲಿದ್ದದ್ದಕ್ಕೆ ಈಗ ನಾಲ್ಕು ಬಾಗಿಲಿಟ್ಟಿದ್ದರು. "ನೋಡ್ದೇನಮ್ಮಣ್ಣಿ! ಅವರಿಗೆ ಈಗ ಬುದ್ಧಿ ಬಂತು. ನಾನು ಯಾವತ್ತೋ ಹಾಕ್ದೆ!" ಅವರ ಕಣ್ಣಲ್ಲಿ ನೀರು. ನಿಮ್ಮ ನಾಲ್ಕನೆಯದು ತೆರೆಯೋದೇ ಇಲ್ಲವಲ್ಲ ಮಾವ ಎನ್ನಲು ಬಾಯಿ ತುರಿಸಿತು. ಜೀವನದಲ್ಲಿ ಅದೊಂದು ಸಲ ನನ್ನ ನಾಲಿಗೆ ಕಚ್ಚಿ ಹಿಡಿದೆ.

ಆಮೇಲೆ ಜೀಪಿಗೆ ಡೀಸೆಲ್ ಇಂಜಿನ್ ಬಂತು. ಮಾತು ಕೇಳದಷ್ಟು ಸದ್ದು. ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಕಾಲ್ಬೆರಳಿನ ಒಂದು ಗಾಯ ಮಾಯಲೇ ಇಲ್ಲ. ಕೊನೆಗೆ ಬಲಗಾಲನ್ನು ಮಂಡಿಯ ಮೇಲಿಂದಲೇ ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಬಂದವರು ಜಗಲಿ ಬಿಟ್ಟು ಇಳಿಯಲಿಲ್ಲ. ಜೀಪು ಎದುರಿಗೇ ನಿಂತಿರುತ್ತಿತ್ತು, ಅವರು ಅದರ ಕಡೆ ತಿರುಗುತ್ತಲೂ ಇರಲಿಲ್ಲ.

ಮಾವು ಹೂ ಬಿಟ್ಟ ಕಾಲ. ಒಂದು ಭಾನುವಾರ ಬೆಳಿಗ್ಗೆ, ತೋಟ ನೋಡಿ ಬರ್ತೀನಿ ಎಂದು ತಾವೇ ಎದ್ದರು. ಅತ್ತೆ ಗಾಬರಿಯಾಗಿ ಆಳುಗಳನ್ನು ಕೂಗಿದರು, ಆ ಕೂಗಿಗೆ ನಾನೂ ಹೋದೆ. ಮಾವ ಊರುಗೋಲು ಊರಿಕೊಂಡು ಬಂದು ಡ್ರೈವರ್ ಬಾಗಿಲನ್ನು ನೋಡಿದರು. ಅದು ತೀರಾ ಎತ್ತರ. ಸುತ್ತಿ ಎಡಗಡೆಗೆ ಬಂದರು, ನನ್ನ ಬಾಗಿಲಿಗೆ. ಆಳುಗಳು ಎತ್ತಲು ಮುಂದೆ ಬಂದಾಗ ನಾನು, "ಯಾರೂ ಮುಟ್ಟಬೇಡ್ರಿ, ದೂರ ನಿಲ್ಲಿ" ಎಂದು ಗದರಿದೆ. ಆಮೇಲೆ ನಾನೂ ಬೆನ್ನು ಹಾಕಿ ನಿಂತು ಆಕಾಶ ನೋಡಿದೆ. ಹಿಂದಿನಿಂದ ಉಸಿರಿನ ಸದ್ದು ಕೇಳುತ್ತಿತ್ತು. ಹಿತ್ತಾಳೆ ಸರಳು ಕಿರುಗುಟ್ಟಿತು. ಮತ್ತೆ ಒಮ್ಮೆ. ಮತ್ತೊಮ್ಮೆ...

"ಆಯ್ತೇನಮ್ಮಾ ಆಕಾಶ ನೋಡಿದ್ದು? ತಿರುಗು ಈ ಕಡೆ. ನನ್ನ ಕೈಲಾಗಲ್ಲ."

ತಿರುಗಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಮುಖವೆಲ್ಲ ಬೆವರು, ಆದರೆ ನಗುತ್ತಿದ್ದರು. "ಬಾ, ಇಲ್ಲೇ ಕೂತ್ಕೋ. ಹೋಗಿ ಬರೋಣ" ಎಂದು ಪಕ್ಕದಲ್ಲಿ ಜಾಗ ಬಿಟ್ಟರು. ನಾನು ಕೂತೆ. ಅವರು ಕಣ್ಣು ಮುಚ್ಚಿಕೊಂಡರು. ಇದು ಬಸ್ ಸ್ಟ್ಯಾಂಡು, ಇದು ಹುಣಸೇಮರ, ಇದು ಕೆರೆ ಕಟ್ಟೆ, ನೀರು ಚೆನ್ನಾಗಿದೆ ಈ ಸಾರಿ ಎನ್ನುತ್ತ ಹೋದರು. "ಇಲ್ಲಿ ಹಳ್ಳ ಐತೆ, ಗಟ್ಟಿಯಾಗಿ ಹಿಡ್ಕೋ" ಎಂದಾಗ ಅವರು ವಾಲಿದರು, ನಾನೂ ವಾಲಿದೆ. ಆಳುಗಳು ಮುಖ ಮುಖ ನೋಡಿಕೊಂಡರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನನಗೆ ಮಾತ್ರ ನಿಜವಾಗಿಯೂ ಹೂವಿನ ವಾಸನೆ ಬಂದ ಹಾಗಾಯಿತು.

"ತೋಟ ಬಂತು. ಇಳಿಯಮ್ಮ, ಸುತ್ತಾಡ್ಕೊಂಡು ಬಾ."

"ನೀವು ಮಾವ?"

"ನಾನು ಇಲ್ಲೇ ಗಾಡಿ ನೋಡ್ಕೋತಿರ್ತೀನಿ" ಎಂದರು.

ಆ ವರ್ಷದ ಹಣ್ಣನ್ನು ಅವರು ನೋಡಲಿಲ್ಲ.

ಜೀಪನ್ನು ಯಾರೋ ಚಿಂತಾಮಣಿಯ ಕಡೆಯವರು ಕೊಂಡುಹೋದರು. ಅತ್ತೆಯೂ ಈಗಿಲ್ಲ. ನಾನು ರಿಟೈರ್ ಆಗಿ ಎಷ್ಟೋ ವರ್ಷವಾಯಿತು, ಬಲಗಾಲಿನ ಮಂಡಿಯೂ ಈಗ ಸೋತಿದೆ. ಆ ಉರಿ ಮಧ್ಯಾಹ್ನ ಅಕ್ಕನ ಮಗ ತನ್ನ ಗಾಡಿಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದ. ಒಳ್ಳೇ ಹುಡುಗ. ಹಿಡಿದುಕೊಂಡೆ, ಹತ್ತಿದೆ. ಮೊದಲಿನ ಹಾಗೆ ಈಗ ಕೋಪ ಬರುವುದಿಲ್ಲ. ಕೈ ಕೊಡುವವರಿಗೆ ದೇವರ ದಯದಿಂದ ನನಗೆ ಯಾವತ್ತೂ ಕೊರತೆಯಾಗಿಲ್ಲ. ಬೆನ್ನು ಹಾಕಿ ನಿಂತು ಕಾದವರು ಮಾವ ಒಬ್ಬರೇ.