ಹಿತ್ತಲ ಬಾಗಿಲಿನ ಪಾಠ

ಆ ವಿದ್ಯಾರ್ಥಿಗೆ ನಾನು ಹೇಳಿದ್ದೆನೋ ಇಲ್ಲವೋ ಎಂಬುದು ಬಹಳ ಕಾಲ ನನಗೇ ಖಚಿತವಿರಲಿಲ್ಲ.

ಬರಗಾಲದಲ್ಲಿ ಕುರುಗೋಡಿನ ಗಂಜಿ ಕೇಂದ್ರದಲ್ಲಿ ದುಡಿದು ಪಳಗಿದ್ದೆ, ಮದರಾಸಿನ ಬಿ.ಎ. ಕೂಡ ಆಗಿತ್ತು. ಹಾಗಾಗಿ ಸೇವೆಗೆ ಬರುವ ವಿದ್ಯಾರ್ಥಿಗಳಿಗೆ ಮೊದಲು ಬಳ್ಳಾರಿಯಲ್ಲಿ ಕೆಲಸ ಕಲಿಸುವ ಹೊಣೆ ನನಗೆ ಬಂತು. ಸಾಲಿನಲ್ಲಿ ನಿಲ್ಲಲು ನಾಚುವವರ ಮನೆಗೆ ಗಂಜಿಯನ್ನು ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಒಯ್ಯಬೇಕು, ಕೂಗಬಾರದು. ಇದು ಮೊದಲ ಪಾಠ. ಆ ವಿದ್ಯಾರ್ಥಿಯೋ ಬೀದಿಯಲ್ಲಿ ನಿಂತು, "ಅವ್ವಾ, ಗಂಜಿ ಬಂತು!" ಎಂದು ಒಬ್ಬ ವಿಧವೆಯನ್ನು ಕೂಗಿದ. ಆಕೆ ಬಾಗಿಲು ಹಾಕಿಕೊಂಡಳು. ಆಮೇಲೆ ನಮಗೆ ತೆರೆಯಲೇ ಇಲ್ಲ.

"ಡಂಗುರ ಹೊಡ್ಯಾಕ ಬಂದೀಯೇನಲೇ?" ಎಂದು ಕೇಂದ್ರದ ಹಿರಿಯರು ಗದರಿದರು.

"ನನಗ ಯಾರೂ ಹೇಳಿಲ್ರಿ," ಎಂದ ಆತ.

ಹಿರಿಯರು ನನ್ನತ್ತ ತಿರುಗಿದರು. "ನೀವು ಹೇಳಿದ್ರೋ ಇಲ್ಲೋ?"

"ಬಳ್ಳಾರಿಯಾಗ ಎಲ್ಲಾರಿಗೂ ಹೇಳೀನ್ರಿ," ಎಂದೆ.

ಅಂದೇ ಅವನನ್ನು ಮನೆಗೆ ಕಳಿಸಿದರು. ಹೋಗುವಾಗ ನನ್ನ ಕಾಲು ಮುಟ್ಟಿದ.

ಬಳ್ಳಾರಿಯ ಆ ಪಾಠ ನೆನಪಿದೆ, ಕೇಳುತ್ತ ಕೂತವರಲ್ಲಿ ಅವನ ಮುಖ ಮಾತ್ರ ಕಾಣುವುದಿಲ್ಲ. ತಡೆಯಲಾರದೆ ಅವನ ಊರಾದ ಸಿರುಗುಪ್ಪಕ್ಕೆ ಹೋಗಿ ಅವನ ತಾಯಿಯನ್ನು ವಿಚಾರಿಸಿದೆ. ಅವರ ಮಾತನ್ನೂ ನಂಬದೆ ಊರಿನ ವೈದ್ಯರನ್ನು ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ: ನಾನು ಪಾಠ ಹೇಳಿದ ದಿನ ಅವನು ಜ್ವರದಿಂದ ಸಿರುಗುಪ್ಪದಲ್ಲೇ ಮಲಗಿದ್ದ.