ಹಾರ್ನ್ ಕೇಳಿ ಓಡಿದ ಮಗು

ಬ್ಯಾಗು ನನ್ನ ಕೈಯಲ್ಲೇ ಉಳಿಯಿತು. ಮಗು ಮುಂದೆ ಹೋಗಿಬಿಟ್ಟಿತ್ತು.

ಮೊನ್ನೆ ಸಂಜೆ ಶಾಲೆ ಬಿಟ್ಟಾಗ ನಡೆದದ್ದು. ಯಾರ ಮುಂದೆಯಾದರೂ ಹೇಳಬೇಕು ಅನ್ನಿಸಿತು, ಎದುರಿಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಹಾಪುರದ ಒಂದು ಸಣ್ಣ ಪ್ರೈಮರಿ ಶಾಲೆಯಲ್ಲಿ ಆಯಾ. ಗೇಟು ತೆರೆದರೆ ಸುರಪುರದ ಕಡೆ ಹೋಗುವ ದೊಡ್ಡ ರಸ್ತೆ. ಬೆಳಿಗ್ಗೆ, ಸಂಜೆ ಕೆಂಪು ಬಟ್ಟೆ ಹಿಡಿದು ಗಾಡಿ ನಿಲ್ಲಿಸಿ ಮಕ್ಕಳನ್ನು ದಾಟಿಸುವುದೂ ನನ್ನದೇ ಕೆಲಸ.

ಹೊರಗಿನ ಗಂಡಸರ ಮುಂದೆ ನನಗೆ ದನಿಯೇ ಏಳುವುದಿಲ್ಲ. "ಮಲ್ಲಮ್ಮಾ, ನಿನ್ನ ದನಿ ನಿನಗ ಕೇಳಂಗಿಲ್ಲ, ಗಾಡಿಯವ್ರಿಗೆ ಎಲ್ಲಿಂದ ಕೇಳ್ಬೇಕವಾ?" ಎಂದು ನಮ್ಮ ದೊಡ್ಡ ಮೇಡಂ ನಗುತ್ತಾರೆ.

ಸಂಜೆ ಗೇಟಿನ ಮುಂದೆ ಆಟೋ, ಟಂಟಂ, ಬೈಕುಗಳ ಗದ್ದಲ. ಎಷ್ಟೋ ಅಪ್ಪಂದಿರು ಈ ಬದಿಗೆ ಬರುವುದೇ ಇಲ್ಲ. ಆಚೆ ಬೇವಿನ ಮರದ ನೆರಳಲ್ಲಿ ಬೈಕಿನ ಮೇಲೆ ಕುಳಿತೇ ಹಾರ್ನ್ ಹೊಡೆಯುತ್ತಾರೆ.

ಯಾವ ಹಾರ್ನ್ ಯಾರ ಅಪ್ಪನದು ಅಂತ ಮಕ್ಕಳಿಗೆ ಪಕ್ಕಾ ಗೊತ್ತು. ಕೇಳಿಸಿದರೆ ಸಾಕು, ಸಾಲಿನಲ್ಲಿ ನಿಂತ ಮಗುವಿನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಅವತ್ತು ಹತ್ತಿ ಹೇರಿದ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲಿ ತುಂಬಿ ಎರಡೂ ಬದಿಗೆ ಹತ್ತಿ ಉಬ್ಬಿಕೊಂಡಿತ್ತು. ನಾನು ಬಟ್ಟೆ ಬೀಸಿದೆ.

ಓಡಿಸುತ್ತಿದ್ದ ಮುದುಕಪ್ಪ ನಿಲ್ಲಿಸಿದರು. "ದಾಟಿಸ್ಕೊ ಯವ್ವಾ, ಹತ್ತಿಗೇನ್ ಅವಸರಿಲ್ಲ," ಅಂದರು.

ನಾನು ಟ್ರ್ಯಾಕ್ಟರಿನ ಮುಂದೆ ನಿಂತು, ಹಿಂದೆ ಏನಾದರೂ ಬರುತ್ತಿದೆಯಾ ಎಂದು ಬಗ್ಗಿ ನೋಡುತ್ತಿದ್ದೆ. ಮಕ್ಕಳಿಗೆ ಇನ್ನೂ ಬನ್ನಿ ಅಂದಿರಲಿಲ್ಲ.

ಅಷ್ಟರಲ್ಲಿ ಆಚೆಯಿಂದ ಪೀಪ್ ಪೀಪ್...

ಒಂದನೇ ಕ್ಲಾಸಿನ ಭೂಮಿಕಾಳ ಅಪ್ಪ. ಅವರದು ಕಿರಾಣಿ ಅಂಗಡಿ. ಗಿರಾಕಿಗಳನ್ನು ಬಿಟ್ಟು ಬಂದಿರುತ್ತಾರೆ, ಯಾವಾಗಲೂ ಅವಸರ. ಟ್ರ್ಯಾಕ್ಟರ್ ನಿಂತದ್ದು ನೋಡಿ ದಾರಿ ಖಾಲಿ ಅಂದುಕೊಂಡು ಕೈ ಬೀಸಿ ಕರೆದರು.

ಭೂಮಿಕಾ ಓಡುತ್ತಾಳೆ. ನನ್ನ ಪಕ್ಕದಿಂದಲೇ ನುಗ್ಗುತ್ತಾಳೆ. ನಾನು ಬ್ಯಾಗಿಗೆ ಕೈ ಹಾಕುತ್ತೇನೆ. ಒಂದೇ ಹೆಗಲಿಗೆ ಹಾಕಿಕೊಂಡಿದ್ದಳು, ಕಳಚಿ ನನ್ನ ಕೈಗೆ ಬಂತು.

ಅದೇ ಹೊತ್ತಿಗೆ ಹತ್ತಿಯ ಮರೆಯಿಂದ ಒಂದು ಪಿಕಪ್ ಗಾಡಿ ಮೂತಿ ಹೊರಗೆ ಹಾಕಿತು. ನಿಂತ ಟ್ರ್ಯಾಕ್ಟರನ್ನು ಓವರ್‌ಟೇಕ್ ಮಾಡುತ್ತಿದೆ.

ಪಿಕಪ್ ಓಡಿಸುವವನಿಗೆ ಮಗು ಕಾಣುವುದಿಲ್ಲ. ಮಗುವಿಗೆ ಅವನು ಕಾಣುವುದಿಲ್ಲ. ಇಬ್ಬರೂ ಕಾಣುತ್ತಿರುವುದು ನನಗೊಬ್ಬಳಿಗೆ.

ನಿಲ್ಲು ಅಂದರೆ ನಿಲ್ಲುವ ಮಗು ಅಲ್ಲ ಅದು. ದಿನವೆಲ್ಲಾ ನಿಲ್ಲು, ಕೂಡು, ಓಡಬೇಡ ಅಂತ ಕೇಳಿ ಕೇಳಿ ಆ ಮಾತಿಗೆ ಬೆಲೆಯೇ ಉಳಿದಿಲ್ಲ.

"ಸ್ಟ್ಯಾಚ್ಯೂ!"

ನನ್ನ ಬಾಯಿಂದ ಬಂದದ್ದು. ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತು ಅಂತ ನನಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಕೈ ತೊಳೆಯುವ ಸಾಲಿನಲ್ಲಿ ಮಕ್ಕಳು ನನ್ನ ಜೊತೆ ಆಡುವ ಆಟ ಅದು. ಸ್ಟ್ಯಾಚ್ಯೂ ಅಂದರೆ ಕಲ್ಲಿನ ಹಾಗೆ ನಿಲ್ಲಬೇಕು. ಓವರ್ ಅನ್ನುವ ಮೊದಲು ಅಲುಗಾಡಿದರೆ ಔಟ್.

ಭೂಮಿಕಾ ನಿಂತಳು. ಒಂದು ಕಾಲು ಮುಂದೆ, ಎರಡೂ ಕೈ ಗಾಳಿಯಲ್ಲಿ. ಪಿಕಪ್ ಅವಳ ಸ್ಕರ್ಟು ಹಾರಿಸಿಕೊಂಡು ಹೋಯಿತು. ನಿಲ್ಲಲೂ ಇಲ್ಲ.

ಅವಳ ಅಪ್ಪ ಬೈಕು ಕೆಡವಿ ಓಡಿ ಬಂದರು. "ಬಾ ಪುಟ್ಟಿ, ಬಾ ಬಾ..." ಮಗು ಅಲುಗಾಡುತ್ತಿಲ್ಲ. ಕಣ್ಣು ಕೂಡ ಮಿಟುಕಿಸುತ್ತಿಲ್ಲ.

"ಏನಾಗ್ಯಾದ ಕೂಸಿಗೆ? ಯಾಕ ಹಿಂಗ ನಿಂತಾಳ?" ಅವರ ದನಿ ಒಡೆಯಿತು. "ಮಾತಾಡವಾ!"

ತುಟಿ ಆಡಿತೋ ಇಲ್ಲವೋ ಅನ್ನುವ ಹಾಗೆ ಅವಳು ಅಂದಳು, "ಮಲ್ಲಕ್ಕ ಇನ್ನಾ ಓವರ್ ಅಂದಿಲ್ಲ ಪಪ್ಪಾ."

"ಓವರ್," ಅಂದೆ.

ಮಗು ಅಪ್ಪನ ಕೊರಳಿಗೆ ಜೋತುಬಿದ್ದು ನಕ್ಕಿತು. "ನಾ ಔಟ್ ಆಗಿಲ್ಲ, ಹೌದಿಲ್ಲೋ ಮಲ್ಲಕ್ಕ?"

ನಾನು ಸಾಲಿನಲ್ಲಿದ್ದ ಮಿಕ್ಕ ಮಕ್ಕಳನ್ನು ಗೇಟಿನೊಳಗೆ ಸರಿಸಿದೆ.

ಜನ ಸೇರಿತು. ಆಗ ಆ ಅಪ್ಪನ ಹೆದರಿಕೆಯೆಲ್ಲ ಸಿಟ್ಟಾಗಿ ನನ್ನ ಕಡೆ ತಿರುಗಿತು. "ಗೇಟ್‌ನ್ಯಾಗ ನಿಂತು ಏನ್ ಮಾಡ್ತಿ ನೀ? ಒಂದ್ ಕೂಸು ಹಿಡ್ಕೊಳ್ಳಾಕ ಆಗಂಗಿಲ್ಲೇನು?"

ಬೇರೆ ದಿನವಾಗಿದ್ದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅವತ್ತು ಆ ಬ್ಯಾಗು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ.

"ಅಣ್ಣಾರ... ನಾ ಇನ್ನಾ ಬಾ ಅಂದಿದ್ದಿಲ್ರಿ. ನೀವು ಕರದ್ರಿ."

ಅಷ್ಟೇ ಅಂದದ್ದು.

ಟ್ರ್ಯಾಕ್ಟರ್ ಮುದುಕಪ್ಪ ಮೇಲಿನಿಂದಲೇ ಅಂದರು, "ಹೌದ್ ನೋಡ್ರಿ ಸಾವ್ಕಾರ. ನಾ ಇಷ್ಟು ಹತ್ತಿ ಹೇರ್ಕೊಂಡು ನಿಂತೀನಿ, ನಿಮಗ ಈ ಕಡಿ ನಾಕ್ ಹೆಜ್ಜಿ ನಡದ್ ಬರಾಕ ಬ್ಯಾಸರೇನ್ರಿ?"

ಭೂಮಿಕಾಳ ಅಪ್ಪ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು.

ನಿನ್ನೆ ಅವರು ಬೈಕನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ರಸ್ತೆ ದಾಟಿ ಗೇಟಿನ ತನಕ ನಡೆದು ಬಂದರು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಮಗಳ ಕೈ ಹಿಡಿದು ಕರೆದುಕೊಂಡು ಹೋದರು.

ಅವರ ಬೈಕಿನ ಪಕ್ಕದಲ್ಲೇ ಬೇರೆ ಯಾರೋ ಬೈಕು ನಿಲ್ಲಿಸಿದರು. ಕುಳಿತಲ್ಲಿಂದಲೇ ಹಾರ್ನ್.

ನನ್ನ ಕೈಯೊಳಗಿನ ಒಂದು ಪುಟ್ಟ ಕೈ ಬಿಡಿಸಿಕೊಳ್ಳಲು ಎಳೆಯತೊಡಗಿತು... ಬೆರಳು ನೋಯುವ ಹಾಗೆ ಹಿಡಿದುಕೊಂಡೆ.

ಇವತ್ತು ನಿಮ್ಮ ಮಗುವನ್ನು ರಸ್ತೆಯ ಯಾವ ಬದಿಯಿಂದ ಕರೆದಿರಿ?