ಹಪ್ಪಳದ ಭಾನುವಾರ

ಹೊಳೆ ಏರುತ್ತಿದ್ದ ಆ ಭಾನುವಾರ ಮಧ್ಯಾಹ್ನ ನಮ್ಮ ರೇಡಿಯೋ ಏನು ಹೇಳುತ್ತಿತ್ತು ಗೊತ್ತೇ? ಅಕ್ಕಿ ಹಪ್ಪಳ ಮಾಡುವ ವಿಧಾನ. ಹಿಟ್ಟು ಹೇಗೆ ಬೇಯಿಸಬೇಕು, ಜೀರಿಗೆ ಎಷ್ಟು ಹಾಕಬೇಕು, ಯಾವ ಬಟ್ಟೆಯ ಮೇಲೆ ಒಣಗಿಸಬೇಕು. ನೆನೆದರೆ ಈಗಲೂ ಮೈ ಉರಿಯುತ್ತದೆ. ಉರಿದರೆ ಉರಿಯಲಿ, ತಣ್ಣಗೆ ಕೂತು ಬರೆಯುವ ವಿಷಯ ಇದಲ್ಲ.

ಕೊಳ್ಳೇಗಾಲದಲ್ಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆ, ಅದೇ ನಮ್ಮ ಸ್ಟೇಷನ್. ನಾನು ಅಲ್ಲಿ ಕಾರ್ಯಕ್ರಮ ನಡೆಸಿಕೊಡುವವಳು. ನಮ್ಮ ದನಿ ಸತ್ತೇಗಾಲದ ಹೊಳೆಯಂಚಿನವರೆಗೆ ಚೆನ್ನಾಗಿ ಕೇಳುತ್ತದೆ. ಹನೂರಿನ ಕಡೆ ಹೋದರೆ ಗುಡ್ಡ ಅಡ್ಡ ಬಂದು ಗೊರಗೊರ ಎನ್ನುತ್ತದೆ. ವಾರಕ್ಕೆ ಆರು ದಿನ ನಾವು ಇರುತ್ತಿದ್ದೆವು. ಭಾನುವಾರ ಬಾಗಿಲಿಗೆ ಬೀಗ. ಅವತ್ತಿನ ಮಾತು, ಹಾಡು ಎಲ್ಲವನ್ನೂ ಶುಕ್ರವಾರವೇ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬಿಸಿದರೆ ಅದು ತನ್ನ ಪಾಡಿಗೆ ಆಡಿಕೊಂಡಿರುತ್ತಿತ್ತು. ಇದು ಕೇಳುವವರಿಗೆ ಗೊತ್ತಾಗಬಾರದು ಎನ್ನುವುದು ನಮ್ಮ ಕಸುಬಿನ ಜಾಣತನ. ಅದಕ್ಕೇ ಶುಕ್ರವಾರ ಕೂತು "ಭಾನುವಾರದ ನಮಸ್ಕಾರ, ಈಗ ಸಮಯ ಹನ್ನೆರಡು ಗಂಟೆ, ಹೊರಗೆ ಬಿಸಿಲು ಚೆನ್ನಾಗಿದೆ" ಎಂದು ನಗುನಗುತ್ತಾ ಹೇಳುತ್ತಿದ್ದೆ. ಒಂದು ದಿನವೂ ಸಿಕ್ಕಿಬಿದ್ದಿರಲಿಲ್ಲ.

ನಮ್ಮ ಸೀಮೆಯ ನೆರೆಗೂ ನಮ್ಮ ಸೀಮೆಯ ಮಳೆಗೂ ಸಂಬಂಧವಿಲ್ಲ. ಮೇಲೆ ಎಲ್ಲೋ ಮಳೆ ಸುರಿಯುತ್ತದೆ, ಅಣೆಕಟ್ಟು ತುಂಬುತ್ತದೆ, ಬಾಗಿಲು ತೆರೆಯುತ್ತಾರೆ. ಇಲ್ಲಿ ಸುಡುಬಿಸಿಲು, ನೆತ್ತಿಯ ಮೇಲೆ ಒಂದು ಮೋಡವಿಲ್ಲ, ಹೊಳೆ ಮಾತ್ರ ಏರುತ್ತಿರುತ್ತದೆ. ಆಕಾಶ ನೋಡಿ ತಿಳಿಯುವುದಕ್ಕೆ ಆಗುವುದಿಲ್ಲ. ಯಾರಾದರೂ ಹೇಳಬೇಕು.

ಸತ್ತೇಗಾಲದ ಕಡೆಯ ಒಬ್ಬ ದನ ಸಾಕುವವನು ನಮ್ಮ ಖಾಯಂ ಕೇಳುಗ. ಹೊಳೆ ಸಣ್ಣಗಿದ್ದಾಗ ಅದರ ನಡುವೆ ಹುಲ್ಲು ಬೆಳೆದ ತಿಟ್ಟುಗಳು ಎದ್ದು ನಿಲ್ಲುತ್ತವೆ. ಅವನು ಬೆಳಿಗ್ಗೆ ಸೊಂಟದ ಮಟ್ಟದ ನೀರಿನಲ್ಲಿ ಆರು ಹಸು ದಾಟಿಸಿಕೊಂಡು ತಿಟ್ಟಿಗೆ ಹೋದರೆ ಬೈಗಿಗೆ ವಾಪಸು. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಒಂದು ಹಳೆಯ ರೇಡಿಯೋವನ್ನು ಬಿದಿರು ಗಳುವಿಗೆ ಕಟ್ಟಿ ದಿನವಿಡೀ ಹಚ್ಚಿರುತ್ತಿದ್ದ. ಒಮ್ಮೆ ಸ್ಟೇಷನ್ನಿಗೆ ಬಂದವನು ನನ್ನ ಮೈಕನ್ನು ದೇವರನ್ನು ನೋಡುವಂತೆ ನೋಡಿ, "ನೀವೊಂದ್ ಮಾತು ಏಳುದ್ರೆ ಸಾಕು ಕಣಕ್ಕೋ, ಅಂಗೇ ದನ ಒಡ್ಕಂಡು ದಡಕ್ ಬಂದ್ಬುಡ್ತೀನಿ" ಎಂದಿದ್ದ. ಹೇಳುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಆ ಮಾತನ್ನು ಇಟ್ಟುಕೊಂಡೇ ನಮ್ಮ ಮುಖ್ಯಸ್ಥರ ತಲೆ ತಿಂದಿದ್ದೆ. ಮಳೆಗಾಲದ ಭಾನುವಾರಗಳಲ್ಲಿ ಒಬ್ಬರಾದರೂ ಸ್ಟೇಷನ್ನಿನಲ್ಲಿ ಇರಲಿ. ಇನ್ನೊಂದು ಬೀಗದ ಕೈ ಮಾಡಿಸಿ. ಕರೆಂಟು ಹೋದರೆ ತಡೆಯುವಂಥ ಬ್ಯಾಟರಿ ಹಾಕಿಸಿ. ಹೊಳೆಯಂಚಿನ ಊರಿಗೊಬ್ಬರ ಫೋನ್ ನಂಬರು ಗೋಡೆಯ ಮೇಲೆ ಬರೆಸಿ. ಅವರು ನಿವೃತ್ತ ಮೇಷ್ಟರು, ಎಲ್ಲವನ್ನೂ ಕೇಳಿ "ನೋಡೋಣ ಕಣಮ್ಮ" ಎಂದರು. ಅವರ ನೋಡೋಣಕ್ಕೆ ನೋಡುವುದಿಲ್ಲ ಎಂದೇ ಅರ್ಥ.

ಆ ಭಾನುವಾರ ನಾನು ಯಳಂದೂರಿನಲ್ಲಿದ್ದೆ, ಅಕ್ಕನ ಮೊಮ್ಮಗುವಿನ ನಾಮಕರಣ. ಎಲೆ ಹಾಕಿ ಪಾಯಸ ಬಡಿಸುವ ಹೊತ್ತಿಗೆ ತಾಲ್ಲೂಕು ಕಚೇರಿಯಿಂದ ಮೊಬೈಲಿಗೆ ಸಂದೇಶ ಬಂತು: ಹೊಳೆಗೆ ಭಾರೀ ನೀರು ಬಿಟ್ಟಿದ್ದಾರೆ, ತಗ್ಗಿನಲ್ಲಿರುವವರು ಎಚ್ಚರ. ಕಳಿಸಿ ಆಗಲೇ ಎಷ್ಟೋ ಹೊತ್ತಾಗಿತ್ತು. ಕೈಯನ್ನೂ ತೊಳೆಯದೆ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ಅದು ಮೊಬೈಲಲ್ಲಿ ಬಂದಿದ್ದು ಕಣಮ್ಮ. ಲೆಟರ್ ಬಂದಿಲ್ಲ, ಸೀಲ್ ಇಲ್ಲ. ಸುಮ್ನೆ ಜನರನ್ನ ಹೆದರಿಸಬಾರದು."

"ಸಾರ್, ನೀರಿಗೆ ಸೀಲ್ ಹಾಕಿ ಬಿಡ್ತಾರಾ?"

"ನಾಳೆ ಬೆಳಿಗ್ಗೆ ನೋಡೋಣ."

ಎದ್ದೆ. ಅಕ್ಕ "ಎಲೆ ಮುಂದಿಂದ ಏಳಬಾರದು ಕಣೇ" ಎಂದು ಕೂಗುತ್ತಿದ್ದಳು. ಸಿಕ್ಕಿದ ಬಸ್ಸು ಹತ್ತಿದೆ. ದರಿದ್ರದ್ದು, ಅಗರದ ಹತ್ತಿರ ನಿಂತು ಯಾರದೋ ಬಾಳೆಗೊನೆಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿಕೊಂಡಿತು. ಮುಂದಿನ ಸೀಟಿನ ಹೆಂಗಸು ಮೊಬೈಲಿನಲ್ಲಿ ರೇಡಿಯೋ ಹಚ್ಚಿಕೊಂಡಿದ್ದಳು. ಅದರಿಂದ ಬರುತ್ತಿದ್ದದ್ದು ನನ್ನದೇ ದನಿ. "ಹಪ್ಪಳ ಹಾಕೋದಕ್ಕೆ ಇದಕ್ಕಿಂತ ಒಳ್ಳೆ ದಿನ ಬೇಕೇನ್ರೀ?" ಎಂದು ಕೇಳಿ ನಗುತ್ತಿದ್ದೆ. ಆ ಮೊಬೈಲನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬೇಕು ಎನ್ನಿಸಿತು.

ಮುಖ್ಯಸ್ಥರ ಮನೆ ಮುಟ್ಟಿದಾಗ ಅವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಬಾಯಿ ತೆರೆಯುವುದಕ್ಕೆ ಮುಂಚೆಯೇ ಕೈ ಚಾಚಿ ಕಿತ್ತುಕೊಂಡೆ. "ಏನಾದರೂ ಹೆಚ್ಚುಕಮ್ಮಿ ಆದರೆ ನೀನೇ ಜವಾಬ್ದಾರಿ" ಎಂದು ಹಿಂದಿನಿಂದ ಕೂಗಿದರು. ಆಗಲಿ ಎಂದೆ. ನಡು ಬೀದಿಯಲ್ಲಿ ಸೀರೆ ಎತ್ತಿ ಕಟ್ಟಿ ಓಡಿದೆ.

ಸ್ಟೇಷನ್ನಿನಲ್ಲಿ ಕಂಪ್ಯೂಟರು ಇನ್ನೂ ಹಪ್ಪಳವನ್ನು ಒಣಗಿಸುತ್ತಲೇ ಇತ್ತು. ಅದರ ಬಾಯಿ ಮುಚ್ಚಿಸಿ ಮೈಕ್ ಹಾಕಿದೆ. ನಮಸ್ಕಾರವನ್ನೂ ಹೇಳಲಿಲ್ಲ.

"ತಿಟ್ಟಲ್ಲಿರೋರು ಕೇಳಿ. ಹೊಳೆಗೆ ನೀರು ಬಿಟ್ಟವ್ರೆ. ದನ ಬಿಚ್ಚಿ, ದಡಕ್ಕೆ ಬನ್ನಿ. ಈಗಲೇ ಬನ್ನಿ. ಬುತ್ತಿ ಗಿತ್ತಿ ಅಲ್ಲೇ ಬಿಟ್ಟು ಬನ್ನಿ."

ಇದನ್ನೇ ಹೇಳಿದೆ, ಗಂಟಲು ಕಟ್ಟುವವರೆಗೆ ಹೇಳಿದೆ. ನಡುವೆ ಕೆಮ್ಮಿದೆ, ಅತ್ತುಬಿಟ್ಟೆ. ಅದೂ ಪ್ರಸಾರವಾಯಿತು.

ಬೈಗಿಗೆ ದನ ಸಾಕುವವನ ಹೆಂಡತಿ ಫೋನ್ ಮಾಡಿದಳು. ಗಂಡ ದಡ ಸೇರಿದ್ದಾನೆ, ಹಸುವಿನ ಬಾಲ ಹಿಡಿದುಕೊಂಡು ಈಜಿ ಬಂದನಂತೆ. ಐದು ಹಸು ಬಂದವು. ತುಂಬು ಗಬ್ಬದ ಹಸು ಈಜಲಾರದೆ ಹೊಳೆಯ ಪಾಲಾಯಿತು. "ಕೂಗ್ತಾನೇ ಓಯ್ತಂತೆ ಕಣಕ್ಕೋ" ಎಂದಳು.

ಇಷ್ಟೆಲ್ಲ ಆದಮೇಲೆ ನಮ್ಮ ಮುಖ್ಯಸ್ಥರು ಏನು ಮಾಡಿದರು? "ಸಕಾಲದಲ್ಲಿ ಎಚ್ಚರಿಸಿ ಜೀವ ಉಳಿಸಿದ ನಮ್ಮ ರೇಡಿಯೋ" ಎಂದು ವರದಿ ಬರೆದು ಮೇಲಕ್ಕೆ ಕಳಿಸಿದರು. ಸಕಾಲವಂತೆ! ನಾಚಿಕೆ ಎನ್ನುವುದು ಬೇಡವೇ ಮನುಷ್ಯನಿಗೆ? ಸಾಲದು ಎಂದು ಆ ಬಡಪಾಯಿಯನ್ನೇ ಕರೆಸಿ, ರೇಡಿಯೋಗೆ ಧನ್ಯವಾದ ಹೇಳಿಸುವ ನೇರ ಕಾರ್ಯಕ್ರಮ ಇಟ್ಟರು. ನಡೆಸಿಕೊಡುವವಳು ನಾನೇ. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ, ಏಕೆಂದರೆ ಇವರು ಎಷ್ಟು ತಡ ಮಾಡಿದರು ಎಂಬುದನ್ನು ಅವನ ಬಾಯಿಂದಲೇ ಹೇಳಿಸಬೇಕೆಂಬ ಹಟ ನನಗಿತ್ತು.

ಅವನು ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದು ಮೈಕಿನ ಮುಂದೆ ಕೂತ. ಗಾಜಿನಾಚೆ ಮುಖ್ಯಸ್ಥರು ಕೈಕಟ್ಟಿ ನಿಂತಿದ್ದರು.

"ಹೊಳೆ ಏರ್ತಿರೋದು ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮಧ್ಯಾನ್ವೇ ಗೊತ್ತಾಯ್ತು ಕಣಕ್ಕೋ. ನೀರು ಕೆಂಪಾಯ್ತು, ಕಸಕಡ್ಡಿ ತೇಲ್ಕಂಡ್ ಬಂತು. ಗಬ್ಬದ ಅಸ ಅವಾಗ್ಲೇ ದಡದ ಕಡೀಕ್ ಮಕ ಮಾಡಿ ನಿಂತ್ಕತ್ತು. ನಾನೇ ಬಯ್ದು ತಿರುಗ್ಸಿ ಕಟ್ದೆ."

"ಯಾಕೆ?"

"ನಿಮ್ ದನಿ ಬತ್ತಿತ್ತಲ್ಲ ರೇಡಿಯಾದಲ್ಲಿ. ನೀವು ಕೂತಿದ್ದೀರಿ, ಏನಾರ ಇದ್ರೆ ಏಳ್ತೀರಿ ಅಂದ್ಕಂಡೆ. ರೇಡಿಯಾ ನಿಂತೋಗಿದ್ರೆ ಅವಾಗ್ಲೇ ಒಂಟ್ಬುಡ್ತಿದ್ದೆ."

ಅಷ್ಟು ದಿನ ಮುಖ್ಯಸ್ಥರ ಮೇಲೆ ಕಾರಿದ ಬೆಂಕಿಯೆಲ್ಲ ತಿರುಗಿ ನನ್ನ ಮೇಲೆಯೇ ಬಿತ್ತು. ಗಾಜಿನಾಚೆಯಿಂದ ಅವರು ಹಾಡು ಹಾಕು, ಹಾಡು ಹಾಕು ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ಹಾಕಲಿಲ್ಲ.

"ನಾನು ಇಲ್ಲಿರಲಿಲ್ಲ ಕಣಪ್ಪ" ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. "ಅದು ಶುಕ್ರವಾರ ತುಂಬಿಸಿಟ್ಟ ಮಾತು. ಅವತ್ತು ನಾನು ಯಳಂದೂರಲ್ಲಿ ಊಟಕ್ಕೆ ಕೂತಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೂ ಮೈಕನ್ನೂ ಒಂದೆರಡು ಸಲ ನೋಡಿದ. ಅವನ ದನಿಯಲ್ಲಿ ಕೋಪವಿರಲಿಲ್ಲ.

"ಮತ್ತೆ, ಬಿಸ್ಲು ಚೆನ್ನಾಗದೆ ಅಂದ್ರಲ್ಲಕ್ಕೋ?" ಎಂದು ಕೇಳಿದ.